ಮರಿ ಮುಗಿಯುವ ತನಕ

ಫೆಬ್ರುವರಿ 6, 1997, ಗುರುವಾರ

ಬಂದು ಮುಟ್ಟಿದೆ. ಪುಣೆಯ ಸ್ವಾರಗೇಟಿನಿಂದ ಸಾಸವಡದ ತನಕ ಬಸ್ಸು, ಅಲ್ಲಿಂದ ವಿಕ್ರಮನ ಟೆಂಪೋದಲ್ಲಿ ಅವನ ಕುರಿಹಟ್ಟಿಗೆ. ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ರಜೆ, ಹಾಗಾಗಿ ಇವರೇ ಬಂದು ಬಸ್ಸು ಹತ್ತಿಸಿದರು. ಕಿಟಕಿಯ ಹೊರಗೆ ನಿಂತು, "ಅಲ್ಲಿ ಹೋಗಿ ಯಾರ ಜೋಡಿನೂ ಜಗಳಾ ತಗೀಬ್ಯಾಡ" ಎಂದರು. ಮದುವೆಯಾದಾಗಿನಿಂದ ನನ್ನನ್ನು ಎಲ್ಲಿಗೆ ಕಳಿಸುವಾಗಲೂ ಇದೊಂದೇ ಮಾತು. ನಾನು ಜಗಳಗಂಟಿ ಎಂದು ಇವರ ಬಳಗಕ್ಕೆಲ್ಲ ಗೊತ್ತು, ಇವರಿಗೆ ಯಾವಾಗಲೂ ಅದೇ ಚಿಂತೆ. ಇರಲಿ, ಈ ಸಲ ಬಾಯಿ ಹೊಲಿದುಕೊಂಡು ಇರುತ್ತೇನೆ. ಅಷ್ಟು ದೊಡ್ಡದನ್ನು ಕೊಡುವವರ ಮುಂದೆ ಎಂಥ ಜಗಳ.

ಡೈರಿ ಇವರ ಕಾರ್ಖಾನೆಯಲ್ಲಿ ಕೊಟ್ಟದ್ದು. ಪ್ರತಿ ವರ್ಷ ಅದರಲ್ಲಿ ಕಿರಾಣಿ ಬರೆಯುತ್ತಿದ್ದೆ. ಈ ವರ್ಷ ನನ್ನ ಸಲುವಾಗಿ ಬರೆಯುತ್ತೇನೆ. ಹೆತ್ತವರಿಗೆ ನೆನಪಿಡಲು ಒಂಬತ್ತು ತಿಂಗಳು ಇರುತ್ತವೆ, ನನಗಿರುವುದು ಈ ಒಂದೂವರೆ ತಿಂಗಳು. ಅದೂ ಮರೆತುಹೋದರೆ ನಾಳೆ ಕೂಸು ದೊಡ್ಡದಾಗಿ ಕೇಳಿದಾಗ ಏನು ಹೇಳಲಿ.

ಕೂಸು ಇನ್ನೂ ತ್ರಿವೇಣಿಯ ಹೊಟ್ಟೆಯಲ್ಲಿದೆ. ತ್ರಿವೇಣಿ ನನ್ನ ಮೈದುನ ವಿಕ್ರಮನ ಹೆಂಡತಿ. ಅವರ ಇಬ್ಬರು ಹೆಣ್ಣುಮಕ್ಕಳು ಬೆಳಗಾವಿಯಲ್ಲಿ ತಾಯಿಯ ತವರಿನಲ್ಲಿದ್ದು ಶಾಲೆಗೆ ಹೋಗುತ್ತಾರೆ. ಇದು ಮೂರನೆಯದು, ಕೇಳದೆ ಬಂದದ್ದು. ಹೋದ ಗಣಪತಿ ಹಬ್ಬಕ್ಕೆ ಎಲ್ಲರೂ ಬಿಬವೇವಾಡಿಯ ನಮ್ಮ ಮನೆಯಲ್ಲಿ ಸೇರಿದ್ದಾಗ, ಆರತಿ ಆದ ಮೇಲೆ ವಿಕ್ರಮ, "ವೈನಿ, ಈ ಕೂಸು ನಿಮ್ಮ ಉಡಿಯೊಳಗ ಹಾಕತೀವಿ" ಎಂದ. ತ್ರಿವೇಣಿಯ ಕೈಯಿಂದಲೇ ನನ್ನ ಸೆರಗಿಗೆ ಅಕ್ಕಿ, ಉತ್ತತ್ತಿ, ತೆಂಗಿನಕಾಯಿ ಹಾಕಿಸಿದರು. ಆಕೆ ತಲೆ ತಗ್ಗಿಸಿ ಉಡಿ ತುಂಬಿದಳು. ದೇವರ ಮುಂದೆ ಉಡಿ ತುಂಬಿ ಕೊಟ್ಟ ಮಾತು ನಮ್ಮ ಮಂದಿಯಲ್ಲಿ ಯಾರೂ ಮುರಿಯುವುದಿಲ್ಲ, ಬರೆದುಕೊಟ್ಟ ಮಾತು ಬೇಕಾದರೆ ಮುರಿದಾರು.

ಹೆರಿಗೆಯಾಗಿ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು, ಆಮೇಲೆ ಕೂಸು ನನ್ನದು. ಅಲ್ಲಿಯವರೆಗೆ ತ್ರಿವೇಣಿಯನ್ನು ನೋಡಿಕೊಳ್ಳಬೇಕು, ಕುರಿ ಈಯುವ ಕಾಲವಾದ್ದರಿಂದ ಮರಿಗಳನ್ನೂ ನೋಡಿಕೊಳ್ಳಬೇಕು. ನನ್ನ ಚೀಲದಲ್ಲಿ ಕೂಸಿನ ತಲೆಗೆಂದು ಹೊಲಿದ ಎರಡು ಕುಂಚಿಗೆ, ಹಳೆ ಸೀರೆಯ ದುಪ್ಪಟಿ, ಒಂದು ಹಾಲಿನ ಬಾಟಲಿ ಇವೆ. ಬಾಟಲಿಯನ್ನು ಸೀರೆಯ ಮಡಿಕೆಯ ನಡುವೆ ಇಟ್ಟು ತಂದೆ, ಒಡೆಯಲಿಲ್ಲ.

ಫೆಬ್ರುವರಿ 11, ಮಂಗಳವಾರ

ಮೊದಲ ಕುರಿ ಈಯಿತು. ನಾನು ನೋಡಿ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಹಾಗೆ ನೋಡಿದರೆ ಕುರಿಯ ನಂಟು ನಮಗೆ ಹೊಸದಲ್ಲ. ಇವರ ಅಜ್ಜ ಅಥಣಿ ಕಡೆಯಿಂದ ಕಂಬಳಿ ಹೊತ್ತು ತಂದು ಪುಣೆಯಲ್ಲಿ ಮಾರಿದವರು. ಅಜ್ಜ ಕಂಬಳಿ ಮಾರಿದರು, ಮಾವ ಅಂಗಡಿ ಹಾಕಿದರು, ಇವರು ಕಾರ್ಖಾನೆಯ ಸ್ಟೋರಿಗೆ ಸೇರಿದರು. ವಿಕ್ರಮ ಸ್ಕೂಟರ್ ಬಿಡಿಭಾಗ ಮಾರುತ್ತಿದ್ದವನು ಅದು ಬಿಟ್ಟು ಕುರಿಗೆ ಮರಳಿ ಬಂದ. ಈಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹುಟ್ಟಿದ್ದೇ ಹಟ್ಟಿಯಲ್ಲಿ ಎನ್ನುವಂತೆ ಮಾತಾಡುತ್ತಾನೆ. ಕಂಬಳಿಯ ಕೆಳಗೆ ಟೀ ಶರ್ಟು.

ಕುರಿಗಳೆಲ್ಲ ನನಗೆ ಒಂದೇ ಥರ ಕಾಣುತ್ತವೆ. ಕರಿ ಮೈ, ಪೆದ್ದು ಮೋರೆ. ವಾಸನೆ ಮಾತ್ರ ಎಲ್ಲೆಲ್ಲೂ ಇದೆ, ಅನ್ನದಲ್ಲೂ. ಕುರಿ ಕಾಯುವ ಕಾಡಪ್ಪ ರಾಯಬಾಗದ ಕಡೆಯವನು, ಇಲ್ಲಿಯೇ ಗುಡಿಸಲು ಹಾಕಿಕೊಂಡಿದ್ದಾನೆ. ನನಗೆ "ನೀವು ಮನಿ ನೋಡ್ರಿ ಬಾಯಾರ, ಇದು ನಿಮಗ ನೀಗೂದಿಲ್ಲ" ಎಂದ. ಸಂತೋಷದಿಂದ ಒಪ್ಪಿಕೊಂಡೆ.

ತ್ರಿವೇಣಿಗೆ ಕಾಲು ಬಾತಿವೆ. ಎಣ್ಣೆ ಹಚ್ಚಿ ತಿಕ್ಕಿದೆ. ಆಕೆ ನನ್ನ ಮುಖ ನೋಡುವುದಿಲ್ಲ, ಮೊದಲಿನಿಂದಲೂ ಸಂಕೋಚದ ಸ್ವಭಾವ. ಹೊಟ್ಟೆಯ ಮೇಲೆ ಕೈ ಇಡಲೇ ಎಂದು ಕೇಳಿದೆ. ಸೆರಗು ಸರಿಸುತ್ತ "ಇಡ್ರಿ ಅಕ್ಕಾ" ಎಂದಳು. ಒಳಗಿನಿಂದ ಒದೆಯಿತು. ನನಗೆ ಇಡೀ ದಿನ ಅಂಗೈ ತೊಳೆಯಲು ಮನಸ್ಸಾಗಲಿಲ್ಲ. ಮನಸ್ಸಾಗದಿದ್ದರೆ ಏನು, ಹಟ್ಟಿಯಲ್ಲಿ ತೊಳೆಯದೆ ನಡೆಯುವುದಿಲ್ಲ.

ಫೆಬ್ರುವರಿ 17

ಒಂದೇ ದಿನ ಒಂಬತ್ತು ಮರಿ. ಕಾಡಪ್ಪನಿಗೂ ವಿಕ್ರಮನಿಗೂ ಕೈ ಸಾಲಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹೋದೆ. ಒಣಹುಲ್ಲಿನಿಂದ ಮರಿಗಳ ಮೈ ಒರೆಸುವುದು, ಮೂಗಿನ ಲೋಳೆ ತೆಗೆಯುವುದು, ತಾಯಿಯ ಮುಂದೆ ಇಡುವುದು. ಇಷ್ಟೇ. ಬರೆಯಲು ಶಕ್ತಿ ಇಲ್ಲ.

ಫೆಬ್ರುವರಿ 20, ಗುರುವಾರ

ಇವರು ಬಂದಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ, ಚೆನ್ನಾಗಿ ಉಂಡರು. ನಾನು ಹೇಳಿ ಕಳಿಸಿದ್ದ ಒಂದು ವಸ್ತುವನ್ನೂ ತರಲಿಲ್ಲ: ಹಾಲಿನ ಪುಡಿ ಡಬ್ಬಿ ಇಲ್ಲ, ತೊಟ್ಟಿಲಿಗೆ ಕಟ್ಟುವ ಗಿಲಕಿ ಇಲ್ಲ, ಸೊಳ್ಳೆಪರದೆ ಇಲ್ಲ. ಕೇಳಿದರೆ, "ಇನ್ನೂ ಟೈಮ್ ಅದ ಅಲ್ಲ, ನೋಡೂಣು" ಎಂದರು. ಸ್ಟೋರಿನಲ್ಲಿ ಬೋಲ್ಟುಗಳನ್ನು ಎಣಿಸಿ ಎಣಿಸಿ ಇವರಿಗೆ ಮನೆಯ ಸಾಮಾನು ನೆನಪಿರುವುದೇ ಇಲ್ಲ. ಹೆಚ್ಚು ಕೆದಕಲಿಲ್ಲ.

ಕೂಸು ಬಂದ ಮೇಲೆ ಅಡುಗೆ ಮನೆಯ ಪಕ್ಕದ ಕಿಟಕಿಗೆ ಜಾಳಿಗೆ ಹಾಕಿಸಬೇಕು ಎಂದೆ. ಕೂಸು ಹರಿದಾಡುವಾಗ ಬಾಲ್ಕನಿಯ ಸರಳು ಸಾಲುವುದಿಲ್ಲ ಎಂದೆ. ಇವರು "ಹೂಂ" ಎನ್ನುತ್ತ ಚಪ್ಪಲಿಗೆ ಮೆತ್ತಿದ ಹಿಕ್ಕೆಯನ್ನು ಕಡ್ಡಿಯಿಂದ ತೆಗೆಯುತ್ತ ಕುಳಿತರು. ಕುರಿ ವಾಸನೆ ಇವರಿಗೆ ಆಗುವುದಿಲ್ಲ, ಕಂಬಳಿ ಅಂಗಡಿಯಲ್ಲಿ ಬೆಳೆದವರಿಗೆ ಅದೇನು ನಾಜೂಕೋ. ಸಂಜೆಯ ತನಕ ಇರಿ ಎಂದರೂ ನಾಲ್ಕರ ಬಸ್ಸಿಗೆ ಹೋದರು.

ಹೋಗುವಾಗ, "ಭಾಳ ಆಸೆ ಹಚ್ಕೋಬ್ಯಾಡ, ಹೆರಿಗಿ ಅಂದ್ರ ಹೆಣ್ಣಿನ ಪುನರ್ಜನ್ಮ, ಏನು ಎತ್ತ" ಎಂದರು. ಪಾಪ, ಒಳಗೊಳಗೇ ಹೆದರಿಕೆ ಇದೆ. ಗಂಡಸರಿಗೆ ಹೇಳಿಕೊಳ್ಳಲು ಬರುವುದಿಲ್ಲ.

ಫೆಬ್ರುವರಿ 22

ಒಂದು ಕುರಿ ಮರಿಯನ್ನು ಒಲ್ಲೆ ಎಂದಿತು. ಎಳೆಯ ಕುರಿ, ಚೊಚ್ಚಲು. ಮರಿ ಹಾಲಿಗೆ ಹೋದರೆ ತಲೆಯಿಂದ ದೂಡುತ್ತದೆ. ಕಾಡಪ್ಪ ಮರಿಯ ಮೈಗೆ ಉಪ್ಪು ಸವರಿ ನೆಕ್ಕಲಿ ಎಂದು ಕಾದ. ನೆಕ್ಕಲಿಲ್ಲ. ನಾಯಿಯನ್ನು ತಂದು ಎದುರಿಗೆ ಕಟ್ಟಿದ, ನಾಯಿಯನ್ನು ಕಂಡರೆ ತಾಯಿಗೆ ಮರಿಯ ಮೇಲೆ ಮಾಯೆ ಹುಟ್ಟುತ್ತದಂತೆ. ಕುರಿ ನಾಯಿಯನ್ನೂ ನೋಡಲಿಲ್ಲ, ಮರಿಯನ್ನೂ ನೋಡಲಿಲ್ಲ, ಹುಲ್ಲು ತಿಂದಿತು. ಕಾಡಪ್ಪನ ವಿದ್ಯೆ ಎರಡೂ ಕೆಟ್ಟವು. "ಇದು ಉಳಿಯೂದಿಲ್ರಿ" ಎಂದು ಮರಿಯನ್ನು ಮೂಲೆಗಿಟ್ಟ.

ಅದು ಕೂಗುತ್ತಲೇ ಇತ್ತು. ನಾನು ಒಳಗೆ ಹೋಗಿ ಚೀಲ ಬಿಚ್ಚಿ ಬಾಟಲಿ ತೆಗೆದೆ. ಬೇರೆ ಕುರಿಯ ಗಿಣ್ಣುಹಾಲು ಹಿಂಡಿಸಿ ಹಾಕಿ ಬಾಯಿಗಿಟ್ಟೆ. ಮೊದಲು ಕಚ್ಚಿತು, ಆಮೇಲೆ ಎಳೆಯಿತು, ಬಾಲ ಅಲ್ಲಾಡಿಸಿತು. ನನ್ನ ಕೂಸಿಗೆ ಬೇರೆ ಬಾಟಲಿ ತಂದರಾಯಿತು, ಪುಣೆಯಲ್ಲಿ ಬಾಟಲಿಗೇನು ಬರ.

ಫೆಬ್ರುವರಿ 26, ಬುಧವಾರ

ಇಷ್ಟು ಕುರಿ ಒಟ್ಟೊಟ್ಟಿಗೆ ಹೇಗೆ ಈಯುತ್ತವೆ ಎಂದು ಕಾಡಪ್ಪನನ್ನು ಕೇಳಿದೆ. ನಕ್ಕ. ವರ್ಷದಲ್ಲಿ ಬಹಳ ಕಾಲ ಟಗರುಗಳ ಹೊಟ್ಟೆಗೆ ಅರಿವೆ ಕಟ್ಟಿರುತ್ತಾರಂತೆ, ಕುರಿಗಳ ನಡುವೆ ತಿರುಗಾಡಿದರೂ ಕೆಲಸವಾಗಬಾರದು ಅಂತ. ಮರಿ ಯಾವಾಗ ಬೇಕೆಂದು ಯೋಚಿಸಿ, ಐದು ತಿಂಗಳು ಮೊದಲು ಅರಿವೆ ಬಿಚ್ಚಿದರೆ ಎಲ್ಲ ಒಂದೇ ಹಂಗಾಮಿಗೆ ಬರುತ್ತವೆ. ಟಗರಿಗೂ ಲಂಗೋಟಿ. ನಾನು ಕುಳಿತಲ್ಲೇ ನಕ್ಕೆ.

"ಈ ಸಲ ಯಾವಾಗ ಬಿಚ್ಚಿದ್ರಿ?"

"ಗಣಪತಿ ದಿನಾ ಮುಂಜಾನೆರಿ. ನಾ ವಿಕ್ರಮ ಸಾವಕಾರ್ಗ ಬ್ಯಾಡ ಅಂದಿದ್ಯಾ. ಸಾವಕಾರ, ಆ ಹೊತ್ತಿಗೆ ನಿಮ್ಮ ಮನಿಯಾಗಿನವ್ರೂ ದಿನಾ ತುಂಬಿರತಾರ, ಹೋದ ವರ್ಷ ಮಂದಿ ಇಲ್ದ ಎಷ್ಟ ಮರಿ ಸತ್ತು, ದೀಪಾವಳಿ ಆಗ್ಲಿ ಬಿಚ್ಚೂನು ಅಂದ್ಯಾ. ಅವರು, ಬಿಚ್ಚೋ ಕಾಡಪ್ಪ, ವೈನಿ ಬರ್ತಾರ ಅಂದು ಅರಿಬಿ ತಾವ ಬಿಚ್ಚಿ ಪುಣೆಕ ಹೋದ್ರು."

ವಿಕ್ರಮನಿಗೆ ನನ್ನ ಮೇಲೆ ಎಂಥ ಭರವಸೆ ನೋಡು. ನನ್ನನ್ನು ಕೇಳುವ ಮೊದಲೇ ನಾನು ಬರುತ್ತೇನೆಂದು ಅವನಿಗೆ ಗೊತ್ತಿತ್ತು. ಕೆಲಸಗಳ್ಳಿ, ಬಾಯಿಬಡುಕಿ ಎಂದು ಅತ್ತೆ ಇರುವ ತನಕ ಅನ್ನಿಸಿಕೊಂಡವಳು ನಾನು. ಈ ಮಾತು ಕೇಳಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 7, ಶಿವರಾತ್ರಿ

ಉಪವಾಸ. ಬೆಳಿಗ್ಗೆ ಒಂದು ಕುರಿ ಬಹಳ ತಿಣುಕಿತು. ಮರಿಯ ಒಂದು ಕಾಲು ಮಾತ್ರ ಹೊರಗೆ, ಇನ್ನೊಂದು ಒಳಗೆ ಮಡಚಿಕೊಂಡಿತ್ತು. ಕಾಡಪ್ಪನ ಕೈ ದೊಡ್ಡದು, ಹೋಗಲಿಲ್ಲ. ಬಳೆ ತೆಗೆದಿಟ್ಟು ಸೋಪು ಹಚ್ಚಿಕೊಂಡು ನಾನೇ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಕಾಲು ಸಿಕ್ಕಿತು, ಬಿಡಿಸಿದೆ, ಕುರಿ ತಿಣುಕಿದಾಗ ನಾನೂ ಎಳೆದೆ. ಹೆಣ್ಣುಮರಿ. ತಾಯಿ ತಿರುಗಿ ನೆಕ್ಕತೊಡಗಿತು. ಇದು ಕಿವಿ ಹರಿದ ಕುರಿ, ಮೇಯಲು ಹೋದಾಗ ಯಾವಾಗಲೂ ಎಲ್ಲಕ್ಕಿಂತ ಹಿಂದೆ ಬರುವುದು.

ಇದನ್ನು ತ್ರಿವೇಣಿಗೆ ಹೇಳಿದೆ. ಆಕೆ ಸಾಬೂದಾಣಿ ಖಿಚಡಿಯ ತಾಟು ಕೆಳಗಿಟ್ಟು ಅಳತೊಡಗಿದಳು. "ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಇಲ್ರಿ ಅಕ್ಕಾ. ನಾ ನಿಮ್ಮ ಜಾಗಾದಾಗ ಇದ್ರ ಈ ಮನಿ ಹೊಸ್ತಿಲಾ ತುಳೀತಿರಲಿಲ್ಲ" ಎಂದಳು. ದಿನ ಹತ್ತಿರವಾದವರು ಹೀಗೇ ಏನೇನೋ ಅನ್ನುತ್ತಾರೆ. ಒಂದು ಕುರಿಯ ಹೆರಿಗೆ ಮಾಡಿಸಿದ್ದಕ್ಕೆ ಇಷ್ಟು ಹೊಗಳಿಕೆಯಾದರೆ, ಕೂಸನ್ನು ಕೊಡುವ ಆಕೆಯನ್ನು ನಾನು ಎಷ್ಟು ಹೊಗಳಬೇಕು. ಕಣ್ಣೊರೆಸಿ ಬಾಳೆಹಣ್ಣು ತಿನ್ನಿಸಿದೆ.

ಮಾರ್ಚ್ 10, ಸೋಮವಾರ

ಹೆಣ್ಣು ಕೂಸು. ಸಾಸವಡದ ಆಸ್ಪತ್ರೆಯಲ್ಲಿ, ಮಧ್ಯಾಹ್ನ. ನರ್ಸ್ ಮೊದಲು ನನ್ನ ಕೈಗೇ ಕೊಟ್ಟಳು.

ಗಂಡಾದರೆ ವಿಕ್ರಮನ ಮನಸ್ಸು ತಿರುಗೀತು ಎಂದು ನನಗೆ ಒಳಗೆ ಒಂದು ಮುಳ್ಳು ಇತ್ತು, ಇಲ್ಲಿ ಕೂಡ ಬರೆದಿರಲಿಲ್ಲ. ಈಗ ಅದೂ ಹೋಯಿತು. ಮೂರನೆಯ ಹೆಣ್ಣನ್ನು ಯಾರು ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳದಿರಲಿ, ನನಗೆ ಬೇಕು. ಮೂಗು ಮಾವನದು, ದಪ್ಪ. ಹುಬ್ಬು ಇನ್ನೂ ಇಲ್ಲ. ಬೆರಳು ಕೊಟ್ಟರೆ ಬಿಡುವುದಿಲ್ಲ.

ನಾನು ತಾಯಿಯಾದೆ.

ಮಾರ್ಚ್ 13, ಗುರುವಾರ

ಇವರು ಬಂದು ಕೂಸನ್ನು ನೋಡಿದರು. ಎರಡೂ ಕೈಯಲ್ಲಿ ಎತ್ತಿಕೊಂಡರು, ಕುತ್ತಿಗೆ ಹಿಡಿಯುವುದು ಹೇಗೆಂದು ನಾನೇ ಹೇಳಿಕೊಟ್ಟೆ. ಅದು ಇವರ ಅಂಗಿಯ ಗುಂಡಿ ಹಿಡಿಯಿತು. ಅದರ ಮುಷ್ಟಿಗೆ ಒಂದು ನೋಟು ಇಟ್ಟರು. ಕಣ್ಣು ಒದ್ದೆಯಾದವು, ನಾನು ನೋಡಿದೆ. "ನಿಮ್ಮ ಮಗಳು" ಎಂದೆ. ಕೂಸನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಬಹಳ ಹೊತ್ತು ಹಟ್ಟಿಯ ಬೇಲಿಯ ಹತ್ತಿರ ಅಣ್ಣತಮ್ಮ ಮಾತಾಡಿದರು. ನಾನು ಚಹ ಒಯ್ದಾಗ ಮಳೆಯ ಬಗ್ಗೆ ಮಾತಾಡುತ್ತಿದ್ದರು. ಮಾರ್ಚಿನಲ್ಲಿ ಎಂಥ ಮಳೆ.

ಮಾರ್ಚ್ 17, ಸೋಮವಾರ

ಎಲ್ಲವನ್ನೂ ಬರೆಯುತ್ತೇನೆ, ಹೇಗಾಯಿತೋ ಹಾಗೆ.

ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಬಾಣಂತಿಗೆ ಎರೆಯಲು ನೀರು ಕಾಯಿಸುತ್ತಿದ್ದೆ. ಕೂಸು ತ್ರಿವೇಣಿಯ ಹತ್ತಿರ ಹಾಲು ಕುಡಿಯುತ್ತಿತ್ತು. ನಾನು, "ತೊಟ್ಟಲಾ ಆದ ಮರುದಿನಾನ ಹೋಗಬೇಕೇನ? ಬಸ್ಸಿನ್ಯಾಗ ಧೂಳಾ ಭಾಳ, ವಿಕ್ರಮ ಟೆಂಪೋದಾಗ ಬಿಟ್ಟು ಬರ್ಲಿ" ಎಂದೆ.

"ಯಾರು ಹೋಗೂದು ಅಕ್ಕಾ?"

"ನಾನೂ ಕೂಸೂ."

ಆಕೆ ಸೆರಗನ್ನು ಕೂಸಿನ ಮೇಲೆ ಎಳೆದುಕೊಂಡಳು. ಆ ಎಳೆದದ್ದನ್ನು ನೋಡಿ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಆಕೆಯ ಮುಖ ನೋಡಿದೆ. ಕಳ್ಳರ ಮುಖವಲ್ಲ. ಹೆದರಿದ ಮುಖ.

"ನಿಮಗ ಭಾವನವರು ಹೇಳಿಲ್ಲೇನ್ರಿ?"

ಒಲೆಯ ಮೇಲಿನ ನೀರು ಉಕ್ಕುತ್ತಿತ್ತು, ನಾನು ಇಳಿಸಲಿಲ್ಲ. ಆಕೆ ಹೇಳುತ್ತಾ ಹೋದಳು. ಸಂಕ್ರಮಣಕ್ಕೆ ಇವರು ಕುಸುರೆಳ್ಳು ಕೊಡಲು ಬಂದಿದ್ದಾಗ ಆಕೆ ಇವರ ಕಾಲು ಹಿಡಿದಿದ್ದಳಂತೆ. "ಮಾತು ಕೊಟ್ಟವ್ರು ನಿಮ್ಮ ತಮ್ಮಾರು, ನಾ ಅಲ್ಲ. ಉಡಿ ತುಂಬು ಅಂದ್ರು, ತುಂಬಿದೆ. ಮಂದಿ ಮುಂದ ಹ್ಯಾಂಗ ಒಲ್ಲೆ ಅನ್ಲಿ? ಈಗ ಅದು ಒದೀಲಿಕ್ಕತ್ತದ. ನನ್ನ ಕಡೆ ಆಗೂದಿಲ್ಲ ಅಂದೆ. ಭಾವನವರು, ನೀ ಚಿಂತಿ ಮಾಡಬ್ಯಾಡ, ಆಕಿಗೆ ನಾ ಹೇಳತೀನಿ, ಆಕಿ ತಿಳಕೋತಾಳ ಅಂದ್ರು. ಆಮ್ಯಾಲೆ ನೀವು ಬಂದ್ರಿ. ಎಲ್ಲಾ ತಿಳದೂ ಬಂದಾರ, ನನ್ನ ಕಾಲು ತಿಕ್ಕತಾರ, ಅಂತ ನಾ ದಿನಾ ದೇವರಿಗೆ ಕೈ ಮುಗೀತಿದ್ದೆ. ಕೂಸಿನ ಮಾತು ಬಂದಾಗೆಲ್ಲಾ ಮನಸ್ಸಿನ ಸಮಾಧಾನಕ್ಕ ಅಂತೀರಿ ಅನಕೊಂಡೆ."

ಇವರಿಗೆ ಸಂಕ್ರಮಣದಿಂದ ಗೊತ್ತು. ನಾನು ಕುಂಚಿಗೆ ಹೊಲಿಯುವಾಗ ಎದುರಿಗೆ ಕುಳಿತು ಪೇಪರ್ ಓದುತ್ತಿದ್ದರು. ಸೂಜಿಗೆ ದಾರ ಪೋಣಿಸಿ ಕೊಟ್ಟರು. ಬಸ್ಸು ಹತ್ತಿಸುವಾಗ ಚೀಲ ತಾವೇ ಮೇಲೆ ಎತ್ತಿ ಕೊಟ್ಟರು, ಒಳಗೆ ಏನಿದೆ ಎಂದು ಗೊತ್ತಿದ್ದೂ.

ಚೀಲ ತುಂಬಿಕೊಂಡು ಹೊರಟೆ. ಅಂಗಳಕ್ಕೆ ಬಂದಾಗ ಕಾಡಪ್ಪ ಓಡಿ ಬಂದ, ಒಂದು ಕುರಿಗೆ ಅವಳಿ ಸಿಕ್ಕಿಕೊಂಡಿವೆ ಎಂದ. ಆ ಕುರಿಗೆ ಯಾರು ಯಾರಿಗೆ ಮೋಸ ಮಾಡಿದರೆಂದು ಗೊತ್ತಿಲ್ಲವಲ್ಲ. ಚೀಲ ಇಟ್ಟು ಹೋದೆ. ಎರಡೂ ಉಳಿದವು.

ಮಾರ್ಚ್ 18

ಇವತ್ತೂ ಹೊರಡಲಿಲ್ಲ. ಬರೆಯುವುದಿಲ್ಲ.

ಮಾರ್ಚ್ 20, ಗುರುವಾರ

ಅವರು ಬರಲಿಲ್ಲ. ಸಾಸವಡದ ಕಿರಾಣಿ ಅಂಗಡಿಗೆ ಫೋನ್ ಮಾಡಿ ಹೇಳಿದರಂತೆ, ಮಾರ್ಚ್ ಕೊನೆ, ಸ್ಟಾಕ್ ಎಣಿಸುವುದಿದೆ, ತೊಟ್ಟಿಲಿಗೂ ಬರಲಾಗುವುದಿಲ್ಲ ಅಂತ. ಅಂದರೆ ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗಿದೆ.

ವಿಕ್ರಮ ಮೂರು ದಿನಗಳಿಂದ ನಾನು ಹಟ್ಟಿಗೆ ಬಂದರೆ ಮೇವಿನ ಕಡೆಗೆ, ನಾನು ಮೇವಿನ ಕಡೆಗೆ ಹೋದರೆ ಹಟ್ಟಿಗೆ ತಪ್ಪಿಸಿಕೊಳ್ಳುತ್ತಿದ್ದ. ಇವತ್ತು ಟಗರುಗಳ ಕೊಟ್ಟಿಗೆಯಲ್ಲಿ ಹಿಡಿದೆ. ಗೇಟಿಗೆ ಅಡ್ಡ ನಿಂತೆ.

"ಗಣಪತಿ ದಿನಾ ಮುಂಜಾನೆ ಕಾಡಪ್ಪಗ ವೈನಿ ಬರ್ತಾರ ಅಂದಿಯಂತ. ನನಗ ಉಡಿ ತುಂಬಿದ್ದು ಸಂಜಿಕೆ. ಮುಂಜಾನಿನ ಹ್ಯಾಂಗ ಗೊತ್ತಾತು ನಾ ಬರ್ತೀನಿ ಅಂತ?"

ಅವನು ಟಗರಿನ ಕೊಂಬು ಹಿಡಿದುಕೊಂಡು ನಿಂತ.

"ಖರೇನ ಕೊಡಬೇಕಂತ ಇತ್ರಿ ವೈನಿ. ದೇವರಾಣಿ. ನಿಮಗ ಕೂಸು ಆಗತದ, ಇಲ್ಲೆ ಹಂಗಾಮಿಗೆ ನಂಬಿಗಸ್ತ ಮನಿಶಾ ಆಗತದ, ಎರಡೂ ಕೂಡೇ ಆಗತದ ಅಂತ. ಇಕಿ ಒಲ್ಲೆ ಅಂದ ಮ್ಯಾಲೆ ನಾ ಅಣ್ಣಾಗ ಅಂದೆ, ವೈನಿಗೆ ಹೇಳು, ಬರೂದು ಬ್ಯಾಡ ಅಂತ. ಅಂವನ ಅಂದಾ, ಹೇಳಿದ್ರ ಆಕಿ ಬರೂದಿಲ್ಲ, ನಿಂದು ಹಂಗಾಮು ಕೆಡತದ. ಮರಿ ಮುಗೀಲಿ, ನಾ ಹೇಳತೀನಿ ಅಂತ."

ಮರಿ ಮುಗಿಯಲಿ. ನಾನು ಎಷ್ಟು ದಿನ ಬೇಕಾಗುತ್ತೇನೋ ಅಷ್ಟು ದಿನ ನನ್ನ ಆಸೆಯನ್ನೂ ಇಟ್ಟುಕೊಂಡಿದ್ದರು. ಟಗರಿನ ಅರಿವೆಯನ್ನು ಬೇಕಾದಾಗ ಕಟ್ಟಿ ಬೇಕಾದಾಗ ಬಿಚ್ಚಿದ ಹಾಗೆ. ವಿಕ್ರಮನದು ವ್ಯಾಪಾರಿ ಬುದ್ಧಿ, ಒಂದು ಕೈಯಲ್ಲಿ ಎರಡು ಕೆಲಸ ನೋಡಿದ. ಅವನಿಗೆ ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ, ಅವನು ಬೈಸಿಕೊಂಡ. ಆದರೆ ವಿಕ್ರಮ ನನ್ನ ಜೊತೆ ಒಂದೇ ತಲೆದಿಂಬಿಗೆ ಮಲಗಿದವನಲ್ಲ. ಮಕ್ಕಳಾಗಲಿ ಎಂದು ನಾನು ಉರುಳು ಸೇವೆ ಮಾಡುವಾಗ ಪಕ್ಕದಲ್ಲಿ ಹೆಜ್ಜೆ ಹಾಕಿದವನೂ ಅಲ್ಲ. ಆ ಮನುಷ್ಯ ನನ್ನ ಗಂಡ ದಿಗಂಬರ.

ಸಂಜೆ ತ್ರಿವೇಣಿಗೆ ಜ್ವರ ಬಂದಹಾಗಿತ್ತು. ಮೆಂತ್ಯದ ಗಂಜಿ ಮಾಡಿ ಕೊಟ್ಟೆ. ಉಣ್ಣಲಿಲ್ಲ. ನೀ ಉಣ್ಣದಿದ್ದರೆ ಕೂಸಿಗೆ ಹಾಲು ಎಲ್ಲಿಂದ ಬರುತ್ತದೆ ಎಂದು ಗದರಿಸಿದೆ, ಉಂಡಳು.

ಮಾರ್ಚ್ 22, ಶನಿವಾರ

ತೊಟ್ಟಿಲು. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವುದು ಸೋದರತ್ತೆಯ ಕೆಲಸ, ಈ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರಿಲ್ಲ. ಬೆಳಗಾವಿಯಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೇಳುತ್ತೇನೆ ಎಂದೆ. ತ್ರಿವೇಣಿ ಆರಿಸಿದ ಹೆಸರು ನೀಲಾ. ಕಿವಿಯಲ್ಲಿ ಹೇಳಿದೆ. ಎಲ್ಲರೂ ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದರು, ತ್ರಿವೇಣಿಯ ತಾಯಿ ಸ್ವಲ್ಪ ಜೋರಾಗಿಯೇ ಗುದ್ದಿದರು, ಅವರಿಗೆ ನನ್ನ ಮೇಲೆ ಏನು ಸಿಟ್ಟೋ. ತೊಟ್ಟಿಲು ತೂಗುವಾಗ ಯಾರೋ ಕೂಸಿಗೆ "ದೊಡ್ಡವ್ವ ನೋಡು, ದೊಡ್ಡವ್ವ" ಎಂದು ನನ್ನನ್ನು ತೋರಿಸಿದರು. ಸಕ್ಕರೆ ಹಂಚುವ ನೆಪ ಮಾಡಿ ಎದ್ದೆ.

ಎರಡೂ ಕುಂಚಿಗೆಗಳನ್ನು ಅದರ ಬಟ್ಟೆಯ ಗಂಟಿನಲ್ಲಿ ಇಟ್ಟೆ. ನನಗೆ ಸರಿಹೋಗುವ ಅಳತೆಯಲ್ಲ ಅವು.

ಮಾರ್ಚ್ 23, ಭಾನುವಾರ, ಬಿಬವೇವಾಡಿ

ಮಧ್ಯಾಹ್ನ ಮನೆ ಮುಟ್ಟಿದೆ. ಹೋಳಿ ಹುಣ್ಣಿಮೆಗೆಂದು ಹುಡುಗರು ಕಟ್ಟಿಗೆ ಒಟ್ಟುತ್ತಿದ್ದರು, ನನ್ನನ್ನು ನೋಡಿ ಬಾಯಿ ಬಡಿಯುವುದು ನಿಲ್ಲಿಸಿದರು. ಮೆಟ್ಟಿಲಿನ ಹತ್ತಿರ ಕೆಳಗಿನ ಮನೆಯ ಅಂಬಾ ಸಿಕ್ಕಳು. ಧಾರವಾಡದ ಹುಡುಗಿ, ನನ್ನ ಕೈಯಲ್ಲೇ ಅಡುಗೆ ಕಲಿತವಳು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು.

"ದೇವರಿಗೆ ಕಣ್ಣಿಲ್ಲ ನೋಡ್ರಿ ನೀರಜಕ್ಕಾ. ಹುಟ್ಟಿ ಎರಡು ತಾಸು ಸುದ್ದಾ ಉಳೀಲಿಲ್ಲಂತ."

ಯಾವುದು ಎಂದು ಕೇಳಿದೆ. ಪೆದ್ದಿಯ ಹಾಗೆ, ಯಾವುದು ಎಂದೆ. ಮರಿಯ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

"ಕೂಸು. ನಿಮ್ಮ ಮನಿಯವರು, ಅಣ್ಣಾರ ಬಂದು ಹೇಳಿದ್ರು. ಹೋದದಕ್ಕೂ ಹಿಂದಿನ ಗುರುವಾರ, ಅಲ್ಲಿಂದ ಬಂದ ಸಂಜಿಕೆ."

ಮೇಲಿನ ಮಹಡಿಯಲ್ಲಿ ಎದುರು ಮನೆಯ ಗೋಡಬೋಲೆ ಕಾಕೂ ಬಾಗಿಲಲ್ಲಿ ನಿಂತು ತಲೆ ಸವರಿದರು. "ಕಾಯ್ ಕರಣಾರ್, ಬಾಯೀ" ಎಂದರು. ಏನು ಮಾಡಲಿಕ್ಕಾಗುತ್ತದೆ. ಪಿಠ್ಲ ಭಾಕರಿಯ ಊಟದ ಡಬ್ಬಿ ಕೊಟ್ಟರು, ಸೂತಕದ ಮನೆಗೆ ಕೊಡುವ ಹಾಗೆ. ಡಬ್ಬಿ ಹಿಡಿದುಕೊಂಡು ಒಳಗೆ ಬಂದೆ, ಅವರು ಕಾರ್ಖಾನೆಯಿಂದ ಬರುವ ತನಕ ಅದನ್ನು ಹಿಡಿದುಕೊಂಡೇ ಕುಳಿತಿದ್ದೆ.

ದಿಗಂಬರ ಬಂದ. ನನ್ನನ್ನು ನೋಡಿ ಚಪ್ಪಲಿ ಬಿಡುವುದು ಮರೆತ.

"ಕೂಸು ಸತ್ತದ ಅಂತ ಹೇಳೀರಿ" ಎಂದೆ.

"ಮತ್ತೇನ ಹೇಳಲಿ? ನೀ ಕೂಸು ತರತೀನಿ ಅಂತ ವಾಡೇದ ಮನಿ ಮನಿಗೂ ಹೇಳಿ ಹೋದಾಕಿ. ಕೊಡಲಿಲ್ಲ ಅಂದ್ರ ಮಂದಿ ಏನಂತಾರ? ಮನಿಯವರೇ ಕೂಸು ಕೊಡಲಿಲ್ಲ, ಆಕೀದೇ ಏನೋ ದೋಷ ಅದ ಅಂತಾರ. ನಿನ್ನ ಮರ್ಯಾದಿ ಸಲುವಾಗಿನ ಹೇಳಿದೆ. ಸತ್ತದ್ದಕ್ಕ ಯಾರೂ ಎದುರು ಕೇಳೂದಿಲ್ಲ."

"ಅವತ್ತು ನೀವು ಅದನ್ನ ಎತ್ತಿಕೊಂಡಿದ್ರಿ. ಅದು ನಿಮ್ಮ ಗುಂಡಿ ಹಿಡಕೊಂಡಿತ್ತು. ನಾಲ್ಕರ ಬಸ್ಸಿಗೆ ಬಂದು ಸತ್ತದ ಅಂದ್ರಿ."

"ಹಳೇದು ತಗೀಬ್ಯಾಡ ನೀರಜಾ. ಜಗಳಾ ಬ್ಯಾಡ."

ನಾನು ಜಗಳ ಮಾಡಲಿಲ್ಲ. ಹನ್ನೆರಡು ದಿನ ನಾನು ಎರೆದ, ಒರೆಸಿದ, ಕಿವಿಯಲ್ಲಿ ಹೆಸರು ಹೇಳಿದ ಕೂಸು. ನನಗೆ ಸಿಗಲಿಲ್ಲ, ಸರಿ, ಅದು ತಾಯಿಯ ಹತ್ತಿರ ಇದೆ. ಈ ಮನುಷ್ಯ ನನ್ನ ಆಸೆಯನ್ನು ಕುರಿಹಟ್ಟಿಗೆ ಕೂಲಿಯಾಗಿ ಕಳಿಸಿದ, ಅದನ್ನೂ ಒಂದು ದಿನ ನುಂಗಿಕೊಂಡೇನು. ಆದರೆ ಕೂಸನ್ನು ಎದೆಗವುಚಿಕೊಂಡವನು ಇಲ್ಲಿಗೆ ಬಂದು ಬಾಯಿಮಾತಿನಲ್ಲಿ ಸಾಯಿಸಿದ. ತನ್ನ ಮುಖ ಉಳಿಸಿಕೊಳ್ಳಲು. ನನಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ, ವಾಕರಿಕೆ ಬಂತು. ಕುರಿ ಈಯುವುದನ್ನು ನೋಡಿ ಮೊದಲ ದಿನ ಬಂದದ್ದು ಏನೂ ಅಲ್ಲ.

ಡಬ್ಬಿ ತೆಗೆದುಕೊಂಡು ಎದುರು ಮನೆಗೆ ಹೋದೆ. ನಮ್ಮ ಬಾಗಿಲು ತೆರೆದೇ ಇಟ್ಟೆ. ಕಾಕೂಗೆ ಮರಾಠಿಯಲ್ಲಿ ಹೇಳಿದೆ. ಕೂಸು ಬದುಕಿದೆ ಕಾಕೂ, ಚೆನ್ನಾಗಿದೆ, ಹೆಸರು ನೀಲಾ, ನನಗೆ ಕೊಡಲಿಲ್ಲ ಅಷ್ಟೇ. ಈ ಡಬ್ಬಿ ವಾಪಸ್ ತಗೊಳ್ಳಿ, ಯಾರೂ ಸತ್ತಿಲ್ಲ. ಕಾಕೂ ನನ್ನ ಹೆಗಲ ಮೇಲಿಂದ ನಮ್ಮ ಮನೆಯ ಒಳಗೆ ನೋಡಿದರು. ಆಮೇಲೆ ಮೂಲೆಯ ಮನೆಗೆ ಹೋಗಿ ಅದನ್ನೇ ಹೇಳಿದೆ. ಹೇಳಿದಷ್ಟೂ ಸುಲಭವಾಯಿತು. ಕೊಡಲಿಲ್ಲ ಎನ್ನುವುದು ಅಷ್ಟು ದೊಡ್ಡ ಮಾತೇನಲ್ಲ, ಬಾಯಿಂದ ಒಮ್ಮೆ ಹೊರಗೆ ಬಿದ್ದರೆ.

ಕೊನೆಗೆ ಕೆಳಗೆ ಅಂಬಾನ ಮನೆಗೆ.

"ಕೂಸು ಜೀವಂತ ಅದ ಅಂಬಾ. ಗುಂಡಗ ಅದ. ನನಗ ಕೊಡಲಿಲ್ಲ."

ಅವಳು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನಿಂತಳು. "ಮತ್ತ ಅಣ್ಣಾರು ಯಾಕ ಹಂಗ ಅಂದ್ರು?"

"ನನಗೇನ ಗೊತ್ತು. ಮ್ಯಾಲೆ ಅದಾರ, ಹೋಗಿ ಕೇಳು."

ಅಂಬಾ ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಮೇಲೆ ಹೋದಳು. ಅಷ್ಟರಲ್ಲಿ ಕಾಕೂ, ಮೂಲೆಯ ಮನೆಯವರು ನಮ್ಮ ಬಾಗಿಲಲ್ಲಿ ಸೇರಿದ್ದರು, ಅವರ ಮಾತು ಕೆಳಗೆ ಕೇಳುತ್ತಿತ್ತು. ನಾನು ತೆರೆದಿಟ್ಟು ಬಂದಿದ್ದ ಬಾಗಿಲನ್ನು ದಿಗಂಬರ ಒಳಗಿನಿಂದ ಹಾಕಿಕೊಂಡಿದ್ದ. ಅವರು ಬಡಿಯುತ್ತಿದ್ದರು.